ಬಟ್ಟೆಯ ಕಡತದಿಂದ ಗಣಕದ ಪಹಣಿಗೆ

ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ‘ಕಡತ’ ಎಂಬ ಪದ ಪರಿಚಿತ. ಕಡತ ಸಾಹೇಬರ ಮೇಜಿನ ಮೇಲಿದೆ, ಕಡತ ಇನ್ನೂ ಕೆಳಗೆ ಬಂದಿಲ್ಲ, ಕಡತವೇ ಸಿಗುತ್ತಿಲ್ಲ ಎಂಬ ಉತ್ತರಗಳೂ ಪರಿಚಿತವೇ. ಕಾಗದಪತ್ರಗಳ ಕಟ್ಟಿಗೆ ಈಗ ಸಲ್ಲುವ ಈ ಹೆಸರು ಮೊದಲು ಕಾಗದದ್ದಾಗಿರಲಿಲ್ಲ, ಬಟ್ಟೆಯ ಪುಸ್ತಕದ್ದಾಗಿತ್ತು. ಸಾವಿರಾರು ಅಂಕಿಗಳನ್ನು ಬರೆದಿಟ್ಟು, ಬೇಕೆಂದಾಗ ತೆಗೆದು ನೋಡಲು ಮೈಸೂರು ಸೀಮೆಯ ಶಾನುಭೋಗರೂ ವರ್ತಕರೂ ನೆಚ್ಚಿಕೊಂಡಿದ್ದ ಸಾಧನ ಅದು.

ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ ಸಮನಾಗಿ ಮಡಿಚಿ, ಎರಡು ತುದಿಗೂ ಮರದ ಹಲಗೆ ಕಟ್ಟಿದರೆ ಕಡತ ಸಿದ್ಧ. ಬರೆಯಲು ಬಳಪ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಅವನು ಕಂಡ ಕಡತಗಳು ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದ ಇದ್ದವು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಉಳಿದಿದ್ದು, ಇತಿಹಾಸಕಾರರಿಗೆ ಆಕರಗಳಾಗಿವೆ.

ಕಲ್ಲು, ತಾಮ್ರ, ತಾಳೆಗರಿ ಎಲ್ಲವೂ ಇದ್ದ ನಾಡಿನಲ್ಲಿ ಬಟ್ಟೆಯೇ ಏಕೆ? ಉತ್ತರ ಅಂಕಿಯ ಸ್ವಭಾವದಲ್ಲಿದೆ. ಬಿಟ್ಟುಕೊಟ್ಟ ದತ್ತಿಯ ಎಲ್ಲೆ ಸೂರ್ಯಚಂದ್ರರಿರುವ ತನಕ ಬದಲಾಗಬಾರದು. ಅದಕ್ಕೆ ಶಾಸನವೇ ತಕ್ಕದ್ದು. ಆದರೆ ಈ ವರ್ಷದ ಕಂದಾಯ, ನಿನ್ನೆ ಬಂದ ಭತ್ತ, ಇನ್ನೂ ಉಳಿದ ಬಾಕಿ ದಿನದಿನವೂ ಬದಲಾಗುವಂಥವು. ಕಂಠದಿಂದ ತಾಳೆಗರಿಯ ಮೇಲೆ ಗೀರಿದ ಅಂಕಿಯನ್ನು ಅಳಿಸಲಾಗದು. ಕಡತವನ್ನಾದರೋ ಒರೆಸಿ ಮತ್ತೆ ಬರೆಯಬಹುದು. ಬೇಕಾದ ಮಡಿಕೆಯನ್ನು ನೇರವಾಗಿ ತೆರೆಯಬಹುದು. ಯಾವ ಅಂಕಿಗೆ ಯಾವ ಉಗ್ರಾಣ ಎಂಬ ವಿವೇಕ ಆಗಲೇ ಇತ್ತು.

ಆದರೆ ಈ ಗುಣದಲ್ಲೇ ದೋಷವೂ ಇತ್ತು. ಒರೆಸಿದ ಅಂಕಿ ಗುರುತಿಲ್ಲದೆ ಹೋಗುತ್ತದೆ. ಬರೆದವನು ಯಾರು, ತಿದ್ದಿದವನು ಯಾರು ಎಂದು ಬಟ್ಟೆ ಹೇಳಲಾರದು. ಲೆಕ್ಕವು ಒಂದೇ ಮನೆತನದ ಕೈಯಲ್ಲಿ, ಓದುಬಲ್ಲವರು ಬೆರಳೆಣಿಕೆಯಷ್ಟು ಎಂದಾಗ ರೈತನಿಗೆ ಉಳಿಯುತ್ತಿದ್ದುದು ಶಾನುಭೋಗರ ಮಾತಿನ ಮೇಲಿನ ನಂಬಿಕೆ ಮಾತ್ರ.

1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯ ಕಂದಾಯ ಭೂಮಾಪನ ಆರಂಭವಾಯಿತು. 33 ಅಡಿಯ ಸರಪಳಿಯಿಂದ ಹೊಲಗಳನ್ನು ಅಳೆದರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿಯಾದರೆ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಅಳತೆಗಿಂತಲೂ ದೊಡ್ಡ ಬದಲಾವಣೆ ಸರ್ವೆ ನಂಬರಿನದು. ಒಂದೇ ಊರಿನಲ್ಲಿ ಸಿದ್ದೇಗೌಡರು ಹತ್ತು ಮಂದಿ ಇರಬಹುದು. ಒಂದು ಸರ್ವೆ ನಂಬರಿನ ಹೊಲ ಒಂದೇ. ಒಡೆಯ ಬದಲಾದರೂ ನಂಬರು ಬದಲಾಗದು. ಹೊಲ ಪಾಲಾದರೆ ಅದೇ ನಂಬರಿನ ಕೆಳಗೆ ಹಿಸ್ಸಾ ನಂಬರು ಬರುತ್ತದೆ.

ಕಾಗದದ ವಹಿಗಳೂ ಕೆಲಸ ಹಂಚಿಕೊಂಡವು. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಆಕಾರ್‌ಬಂದ್‌ನಲ್ಲಿ. ಯಾರ ಸ್ವಾಧೀನ, ಯಾವ ಬೆಳೆ ಎಂಬುದು ಪಹಣಿಯಲ್ಲಿ. ಹಕ್ಕು ಯಾರಿಂದ ಯಾರಿಗೆ ಹೋಯಿತು ಎಂಬುದು ಮ್ಯುಟೇಶನ್ ವಹಿಯಲ್ಲಿ. ಈ ಕೊನೆಯ ವಹಿ ಕಡತಕ್ಕೆ ನೇರ ವಿರುದ್ಧ. ಇಲ್ಲಿ ಹಳೆಯದನ್ನು ಒರೆಸುವಂತಿಲ್ಲ. ಹೊಸದನ್ನು ಕೆಳಗೆ ಸೇರಿಸಬೇಕು. ಪರಂಪರಾಗತ ಶಾನುಭೋಗಿಕೆಯೂ 1961ರ ಕಾಯ್ದೆಯಿಂದ ಕೊನೆಗೊಂಡು, ಅವರ ಜಾಗಕ್ಕೆ ಸರಕಾರಿ ನೌಕರರಾದ ಗ್ರಾಮಲೆಕ್ಕಿಗರು ಬಂದರು.

ಶತಮಾನದ ಕೊನೆಯ ಹೊತ್ತಿಗೆ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಬಳಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳಿದ್ದವು. ಅವನ್ನು ಗಣಕಯಂತ್ರಕ್ಕೆ ಏರಿಸಿದ್ದು ‘ಭೂಮಿ’ ಯೋಜನೆ. ತಂತ್ರಾಂಶ ರೂಪಿಸಿದ್ದು ಎನ್‌ಐಸಿ. ಅಂಕಿಗಳ ಉಗ್ರಾಣವಾಗಿ ಆರಿಸಿಕೊಂಡದ್ದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್. ಇದರಲ್ಲಿ ಮಾಹಿತಿ ಕೋಷ್ಟಕಗಳಲ್ಲಿ ಕೂರುತ್ತದೆ; ಕೋಷ್ಟಕಗಳನ್ನು ಒಂದಕ್ಕೊಂದು ಬೆಸೆಯುವ ಕೊಂಡಿ ಅದೇ ಹಳೆಯ ಸರ್ವೆ ನಂಬರು. ಅಧಿಕಾರಿ ಬೆರಳಚ್ಚು ಕೊಡದೆ ಬದಲಾವಣೆ ಮಾಡುವಂತಿರಲಿಲ್ಲ. ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಿತ್ತು. 2002ರ ವೇಳೆಗೆ ಎಲ್ಲ ತಾಲ್ಲೂಕುಗಳಿಗೂ ಹಬ್ಬಿದ ಈ ವ್ಯವಸ್ಥೆಯಲ್ಲಿ ಆಗ ರೈತ 15 ರೂಪಾಯಿ ಕೊಟ್ಟು ಪಹಣಿ ಪಡೆಯಬಹುದಿತ್ತು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು.

ಹಾಗಾದರೆ ಲೆಕ್ಕ ಪಕ್ಕಾ ಆಯಿತೇ? ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯ ಕಡಕೊಳದಲ್ಲಿ ಒಂದು ಹೊಲವನ್ನು ಊಹಿಸಿಕೊಳ್ಳಿ. ವಿಸ್ತೀರ್ಣ 2 ಎಕರೆ 10 ಗುಂಟೆ, ಅಂದರೆ 90 ಗುಂಟೆ. ಮೂವರು ಅಣ್ಣತಮ್ಮಂದಿರಿಗೆ ತಲಾ 30. ಹಳೆಯ ಪಹಣಿಯಲ್ಲಿ ಒಬ್ಬನ ಪಾಲು 33 ಎಂದಿದ್ದರೆ ಗಣಕವೂ 33 ಎಂದೇ ನುಂಗುತ್ತದೆ. ಈಗ ಪಾಲುಗಳ ಮೊತ್ತ 93. ಆಕಾರ್‌ಬಂದ್ ಹೇಳುವುದು 90. ಮೂರು ಗುಂಟೆ ಎಂದರೆ 30–40 ಅಳತೆಯ ಎರಡೂವರೆ ನಿವೇಶನಕ್ಕೂ ಮಿಕ್ಕ ಜಾಗ. ಹೊಲಗಳ ಮಗ್ಗುಲಲ್ಲೇ ಕಾರ್ಖಾನೆಗಳೆದ್ದಿರುವ ಕಡಕೊಳದಂಥ ಕಡೆ ಅದು ಸಣ್ಣ ಬಾಬತ್ತಲ್ಲ. ಪಹಣಿಗೂ ಆಕಾರ್‌ಬಂದ್‌ಗೂ ತಾಳೆಯಾಗದ ಇಂಥ ಪ್ರಕರಣಗಳು ರಾಜ್ಯದ ರೈತರಿಗೆ ಹೊಸತಲ್ಲ. ಮಾರಲು, ಸಾಲ ಪಡೆಯಲು, ಪೋಡಿ ಮಾಡಿಸಲು ಹೋದಾಗಲೇ ಅವು ಬಯಲಾಗುವುದು ಹೆಚ್ಚು.

ಗಣಕ ಇದನ್ನು ಪತ್ತೆಹಚ್ಚಬಲ್ಲದು. ಪಾಲುಗಳ ಮೊತ್ತ ಒಟ್ಟು ವಿಸ್ತೀರ್ಣವನ್ನು ಮೀರಕೂಡದು ಎಂಬ ನಿಯಮ ವಿಧಿಸಿದರೆ ತಪ್ಪು ಅಂಕಿ ಒಳಬರುವಾಗಲೇ ತಡೆಯಬಹುದು. ಆದರೆ ಮೂವರಲ್ಲಿ ಯಾರ ಪಾಲು ತಪ್ಪು ಎಂಬುದನ್ನು ಅದು ಹೇಳಲಾರದು. ಅದಕ್ಕೆ ಮ್ಯುಟೇಶನ್ ವಹಿಯ ಹಳೆಯ ಪುಟ ತಿರುವಬೇಕು, ಅದೂ ಸಾಲದಿದ್ದರೆ ಮೋಜಣಿದಾರ ಹೊಲಕ್ಕೆ ಇಳಿಯಬೇಕು.

ಅಂಕಿಗಳಿಗೆ ಉಗ್ರಾಣ ಆರಿಸುವವರು ಎಷ್ಟು ಹಿಡಿಸುತ್ತದೆ, ಎಷ್ಟು ಬೇಗ ಸಿಗುತ್ತದೆ ಎಂದು ಮೊದಲು ಕೇಳುವುದು ವಾಡಿಕೆ. 18 ಅಡಿಯ ಕಡತವೂ ತನ್ನ ಕಾಲಕ್ಕೆ ಆ ಎರಡು ಪರೀಕ್ಷೆಗಳಲ್ಲಿ ಗೆದ್ದಿತ್ತು. ಅದು ಸೋತದ್ದು ಮೂರನೆಯದರಲ್ಲಿ: ತಿದ್ದಿದ್ದು ಯಾರು, ತಿದ್ದುವ ಮೊದಲು ಅಲ್ಲಿ ಏನಿತ್ತು? ಈ ಪ್ರಶ್ನೆಗೆ ಉತ್ತರವಿಟ್ಟುಕೊಂಡ ಲೆಕ್ಕವನ್ನು ಮಾತ್ರ ರೈತ ತನ್ನದೆಂದು ನಂಬಬಹುದು.