ಸುಸ್ತಿಗೆ ಅಳತೆ ಸಿಕ್ಕ ಕಥೆ

"ಏನೇ, ಯಾವಾಗ ನೋಡಿದರೂ ಕೂತೇ ಇರ್ತೀಯಲ್ಲ!" ಥೈರಾಯ್ಡ್ ಕಡಿಮೆ ಇರುವ ನಮ್ಮಂಥವರಿಗೆ ಈ ಮಾತು ಹೊಸದಲ್ಲ. ಧಾರಾವಿಯ ಮನೆಗಳಲ್ಲಂತೂ ನೀರು ತುಂಬಬೇಕು, ಕಡಿದಾದ ಏಣಿ ಹತ್ತಿ ಮಾಳಿಗೆಗೆ ಹೋಗಬೇಕು. ಸುಸ್ತಾದರೆ ಸೋಮಾರಿ ಎಂಬ ಹಣೆಪಟ್ಟಿ ತಕ್ಷಣ ಸಿಗುತ್ತದೆ.

ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ಇಂಥ ಕೆಲವು ಹೆಂಗಸರ ಬಗ್ಗೆ ಬರೆದರು. ಮುಖ ಊದಿಕೊಂಡು, ಮಾತು ಎಳೆದಂತಾಗಿ, ಚುರುಕು ಕಳೆದುಕೊಂಡವರು. ರೋಗ ಗುರುತಾಯಿತು, ಮದ್ದು ಮಾತ್ರ ಇರಲಿಲ್ಲ. 1891ರಲ್ಲಿ ನ್ಯೂಕ್ಯಾಸಲ್‌ನ ಯುವ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ತೆಗೆದು, 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚುಮದ್ದಾಗಿ ಕೊಟ್ಟರು. ಕೆಲವೇ ತಿಂಗಳಲ್ಲಿ ಊತ ಇಳಿಯಿತು, ಮಾತು ಸರಾಗವಾಯಿತು, ಮನೆಗೆಲಸ ಹಗುರವಾಯಿತು, ಬೀದಿಯಲ್ಲಿ ಅಳುಕಿಲ್ಲದೆ ನಡೆಯತೊಡಗಿದರು. ಆಮೇಲೆ ಔಷಧವನ್ನು ಬಾಯಿಯ ಮೂಲಕವೇ ತೆಗೆದುಕೊಳ್ಳುತ್ತಾ ಇನ್ನೂ 28 ವರ್ಷ ಬದುಕಿದರು! ವೈದ್ಯರ ಹೆಸರು ಎಲ್ಲ ಪುಸ್ತಕಗಳಲ್ಲಿದೆ. ನನಗೆ ಮಾತ್ರ ಆ ಮಹಿಳೆಯ ಬಗ್ಗೆಯೇ ಹೆಚ್ಚು ಕುತೂಹಲ.

ಮದ್ದು ಸಿಕ್ಕರೂ, ಎಷ್ಟು ಕೊಡಬೇಕೆಂಬುದು ಬಹುಕಾಲ ಅಂದಾಜಿನ ಕೆಲಸವಾಗಿತ್ತು. ರಕ್ತದಲ್ಲಿನ ಅತಿ ಸೂಕ್ಷ್ಮ ಪ್ರಮಾಣದ ಹಾರ್ಮೋನನ್ನು ವಿಕಿರಣದ ನೆರವಿನಿಂದ ಅಳೆಯುವ ವಿಧಾನ ರೂಪಿಸಿದವರಲ್ಲಿ ಒಬ್ಬರು ರೊಸಾಲಿನ್ ಯಾಲೋ ಎಂಬ ಭೌತವಿಜ್ಞಾನಿ. 1977ರಲ್ಲಿ ಅವರಿಗೆ ನೊಬೆಲ್ ಬಂತು.

ಈ ವಿಜ್ಞಾನದ ಒಂದು ನೆಲೆ ನಮಗೆ ತೀರಾ ಹತ್ತಿರ. ಸಾಯನ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದರೆ ಮಾಟುಂಗಾ, ದಾದರ್, ಆಮೇಲೆ ಪರೇಲ್. ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಲ್ಲಿ ಅಲ್ಲಿ ಶುರುವಾಯಿತು. ಅಣು ಎಂದರೆ ಬಾಂಬ್ ಎಂದುಕೊಂಡ ಕಾಲದಲ್ಲಿ, ಅದೇ ಅಣುವಿದ್ಯೆ ಇಲ್ಲಿ ಥೈರಾಯ್ಡ್ ರೋಗಿಗಳ ತಪಾಸಣೆಗೆ, ವಿಕಿರಣಶೀಲ ಅಯೋಡಿನ್ ಚಿಕಿತ್ಸೆಗೆ ಒದಗಿತು. ಇಂದು ಟಿಎಸ್‌ಹೆಚ್ ಪರೀಕ್ಷೆ ಗಲ್ಲಿಯ ಲ್ಯಾಬಿನಲ್ಲೇ ಆಗುತ್ತದೆ. ಸೊಸೆಯ ಸುಸ್ತಿಗೆ ಒಂದು ಅಂಕಿ ಸಿಕ್ಕಿದೆ. ಅತ್ತೆಗೂ ತೋರಿಸಬಹುದು!

ವ್ಯಾಯಾಮ ಮಾಡು ಎಂದು ಎಲ್ಲರೂ ಹೇಳುತ್ತಾರೆ. ನ್ಯೂಕ್ಯಾಸಲ್‌ನ ಆ ಮಹಿಳೆಗೆ ಮೊದಲು ಬಂದದ್ದು ಮದ್ದು, ಆಮೇಲೆ ನಡಿಗೆ. ಹಾರ್ಮೋನ್ ಹದಕ್ಕೆ ಬರುವ ಮುನ್ನ ಮೈ ದಂಡಿಸಿದರೆ ಬಳಲಿಕೆಯೇ ಹೆಚ್ಚು. ಡಾಕ್ಟರರು ಪ್ರಮಾಣ ಸರಿಮಾಡಿದ ಮೇಲೆ ನಿಧಾನವಾಗಿ ನಡೆಯತೊಡಗಿದರೆ ಕೀಲು, ಮನಸ್ಸು ಎರಡೂ ಸಡಿಲಗೊಳ್ಳುತ್ತವೆ.

ಐಟಿ ಕೆಲಸದ ನನಗೆ ದಿನವಿಡೀ ಕುರ್ಚಿಯೇ ಗತಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ಚಹಾಕ್ಕೆ ಅರ್ಧ ಗಂಟೆಯಾದರೂ ಕಾಯಬೇಕು. ಆ ಅರ್ಧ ಗಂಟೆ ನೈಂಟಿ ಫೀಟ್ ರೋಡಿನಲ್ಲಿ ನಡೆಯುತ್ತೇನೆ.