ಇಪ್ಪತ್ತು ಥೌ: ಒಂದು ಡೀಸೆಲ್ ಎಂಜಿನ್ ಓದಿದ್ದು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಕಲ್ಲಿನ ಬರಹಗಳನ್ನು ಓದಬೇಕೆಂದರೆ ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟವಿದೆ. ಕಬ್ಬಿಣದ ಬರಹಕ್ಕೆ ಅಂಥ ಸಂಪುಟವಿಲ್ಲ. ಕಳೆದ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ಹತ್ತಿರ, ಸೋದರಮಾವನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಅವರ ಡೀಸೆಲ್ ಅಂಬಾಸಡರ್‌ನ ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಮತ್ತೆ ಕಟ್ಟಿದೆವು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಅದು ಕೈಗೆ ಮಸಿ ಹತ್ತಿಸುವ ಒಂದು ದಾಖಲೆಯಾಗಿತ್ತು.

ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಿಂದ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. 1973 ಮತ್ತು 1979ರಲ್ಲಿ ತೈಲದ ಬೆಲೆ ಜಿಗಿಯಿತು. ನಮ್ಮಲ್ಲಿ ಡೀಸೆಲ್ ಅಗ್ಗ. ಲಾರಿ, ಪಂಪ್‌ಸೆಟ್ಟುಗಳಿಗಾಗಿ ಸರ್ಕಾರ ಅದರ ದರ ಹಿಡಿದಿಟ್ಟಿತ್ತು. 1980ರ ಹೊತ್ತಿಗೆ ಬ್ರಿಟನ್ನಿನ ಬಿ.ಎಂ.ಸಿ. ವಿನ್ಯಾಸದ 1489 ಸಿ.ಸಿ. ಡೀಸೆಲ್ ಎಂಜಿನ್ ಈ ಕಾರಿನೊಳಗೆ ಬಂತು. ಶಕ್ತಿ 40 ಅಶ್ವಶಕ್ತಿಗೂ ಕಡಿಮೆ. ಮದುವೆ ದಿಬ್ಬಣ ಹೊತ್ತು ನಂದಿಬೆಟ್ಟ ಹತ್ತುವಾಗ ಅದು ಹೇಗೆ ನರಳುತ್ತಿತ್ತೆಂದು ನಮ್ಮ ಕಡೆಯ ಹಿರಿಯರನ್ನೇ ಕೇಳಬೇಕು.

ಹೆಡ್ ಬಿಚ್ಚಿ ಮಸಿ ಕೆರೆದಾಗ ಪಿಸ್ಟನ್ನಿನ ನೆತ್ತಿಯ ಮೇಲೆ 020 ಎಂಬ ಅಂಕಿ ಕಂಡಿತು. ಒಂದು ಇಂಚಿನ ಸಾವಿರದಲ್ಲೊಂದು ಭಾಗವೇ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಥೌ’. ಅಂದರೆ ಈ ಸಿಲಿಂಡರ್‌ಗಳನ್ನು ಹಿಂದೆ ಯಾರೋ ಕೊರೆದು ಇಪ್ಪತ್ತು ಥೌ, ಸುಮಾರು ಅರ್ಧ ಮಿಲಿಮೀಟರ್, ಅಗಲ ಮಾಡಿದ್ದಾರೆ. ಆರ್.ಸಿ. ಪುಸ್ತಕದಲ್ಲಿ ಮಾಲೀಕರ ಹೆಸರಿದೆ. ಈ ಕೆಲಸದ ಸುಳಿವಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಇಪ್ಪತ್ತಮೂರರಲ್ಲೊಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ಸಿಲಿಂಡರ್ ಸವೆದರೆ ಗಾಳಿ ಸೋರುತ್ತದೆ, ಚಳಿಗಾಲದ ಬೆಳಗ್ಗೆ ಹೀಟರ್ ಪ್ಲಗ್ ಎಷ್ಟು ಕಾಯಿಸಿದರೂ ಗಾಡಿ ಏಳುವುದಿಲ್ಲ. ಸವೆತವೂ ಎಲ್ಲೆಡೆ ಸಮನಲ್ಲ. ಮೇಲಿನ ರಿಂಗ್ ಬಂದು ತಿರುಗುವ ಜಾಗದಲ್ಲಿ ಅತಿ ಹೆಚ್ಚು. ಉಗುರಿಟ್ಟರೆ ಸಣ್ಣ ಮೆಟ್ಟಿಲು ತಾಕುತ್ತದೆ. ಅಷ್ಟೂ ವರ್ಷಗಳ ಓಡಾಟ ಅಲ್ಲಿತ್ತು.

ಇನ್ನೊಂದು ಸಂಗತಿ ಸ್ಪ್ಯಾನರ್‌ಗಳದು. ಭಾರತ 1956ರಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಮಾಡಿತು. ಸೇರು, ಮಣ ಹೋದವು. ಈ ಎಂಜಿನ್‌ಗೆ ಮಾತ್ರ ಇಂದಿಗೂ ಅರ್ಧ ಇಂಚು, ಒಂಬತ್ತು-ಹದಿನಾರು ಬೇಕು. ಹನ್ನೆರಡು-ಹದಿಮೂರರ ಸೆಟ್ ಹಾಕಿದರೆ ನಟ್ಟಿನ ಮೂಲೆ ಹೋಗುತ್ತದೆ. ವಸಾಹತು ಹೋದರೂ ಅದರ ಅಳತೆ ಉಳಿಯಿತು ಎಂದು ಪ್ರಬಂಧಗಳಲ್ಲಿ ಬರೆಯುತ್ತೇವಲ್ಲ, ಅದು ಹೀಗೆ.

ಮನೆಯಲ್ಲೇ ಕೆಲಸ ಅಂದರೂ ಎಲ್ಲವೂ ಮನೆಯಲ್ಲಾಗದು. ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಬ್ಲಾಕನ್ನು ನೆಲಮಂಗಲಕ್ಕೆ ಒಯ್ದೆವು. ಮುಂಬೈ ಮತ್ತು ಮಂಗಳೂರಿನ ರಸ್ತೆಗಳು ಕವಲೊಡೆಯುವ ಆ ಊರನ್ನು ಲಾರಿಗಳೇ ಸಾಕಿವೆ. ಪಂಪು, ನಾಝಲ್ ಮಾತ್ರ ಬೆಂಗಳೂರಿಗೆ. ಅಲ್ಲಿ ಈ ವಿದ್ಯೆ ಬೇರೂರಲು 1951ರಲ್ಲಿ ಹುಟ್ಟಿ, ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿದ ಮೈಕೋದ ಪಾಲು ದೊಡ್ಡದು. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಮೈಕೋ ಲೇಔಟ್ ಹಾಗೇ ಉಳಿಯಿತು.

ಮಾವ ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಸುತ್ತು ಸುತ್ತಾಗಿ, ಸ್ವಲ್ಪ ಸ್ವಲ್ಪವೇ ಬಿಗಿದರು. “ಒಂದೇ ಸಲಕ್ಕೆ ಬಿಗಿದ್ರೆ ಹೆಡ್ಡು ಸೊಟ್ಟ ಆಗುತ್ತೆ ಕಣಪ್ಪ” ಎಂದರು. ಆಮೇಲೆ ಡೀಸೆಲ್ ಪೈಪುಗಳ ಏರ್ ತೆಗೆಯುವುದಕ್ಕೇ ಅರ್ಧ ದಿನ ಹೋಯಿತು.

ಖರ್ಚಿನ ಮಾತೂ ಬಂತು. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತ್ತು. ಹೊಗೆಯ ವಿಷಯದಲ್ಲಿ ಮಾವನ ವಾದ ನನಗೆ ಒಪ್ಪಿಗೆಯಿಲ್ಲ. ಈ ಕಾರು ಊರಿನ ಗಾಳಿಗೆ ಒಳ್ಳೆಯದೇನೂ ಮಾಡುವುದಿಲ್ಲ. ಆದರೂ ಅವರ ಒಂದು ಮಾತನ್ನು ತಳ್ಳಿಹಾಕಲಾರೆ: ಕಾನೂನು ವರ್ಷ ಎಣಿಸುತ್ತದೆ, ಎಂಜಿನ್ ಥೌ ಎಣಿಸುತ್ತದೆ. ಇದನ್ನು ರೂಪಿಸಿದವರು ಬಿಚ್ಚಲೆಂದೇ ರೂಪಿಸಿದ್ದರು. ದೊಡ್ಡ ಅಳತೆಯ ಪಿಸ್ಟನ್ನುಗಳನ್ನು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಆ ಲೆಕ್ಕದ ಮೇಲೆ ಲೇತ್ ಅಂಗಡಿಗಳು, ಜೆ.ಸಿ. ರಸ್ತೆಯ ಬಿಡಿಭಾಗದ ಮಳಿಗೆಗಳು, ಎಷ್ಟೋ ಟ್ಯಾಕ್ಸಿ ಸಂಸಾರಗಳು ನಿಂತಿದ್ದವು. ಅಂಬಾಸಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅದೇ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತವೂ ಹೋಯಿತು.

ನೆಲಮಂಗಲದಿಂದ ಬ್ಲಾಕು 040ಕ್ಕೆ ಕೊರೆಸಿಕೊಂಡು ಬಂದಿದೆ. ಇನ್ನು ಕೊರೆಯಲು ಗೋಡೆಯಿಲ್ಲ, ಮುಂದಿನ ಸಲಕ್ಕೆ ಸ್ಲೀವ್ ಹಾಕಬೇಕು ಎಂದು ಲೇತಿನವರು ಹೇಳಿ ಕಳಿಸಿದ್ದಾರೆ. ಹಳೆಯ ನಾಲ್ಕು ಪಿಸ್ಟನ್ನುಗಳನ್ನು ಗುಜರಿಗೆ ಹಾಕಲು ನಾನು ಬಿಡಲಿಲ್ಲ.