ಮೊಣಕೈಯಿಂದ ಕಿರುಬೆರಳಿಗೆ ಹತ್ತು ತಿಂಗಳು

ಕುಷ್ಠರೋಗದಲ್ಲಿ ಬೆರಳು ಕೊಳೆತು ಉದುರುತ್ತದೆ ಎಂಬ ನಂಬಿಕೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯದಷ್ಟೇ ಅಲ್ಲ, ಇಡೀ ದೇಶದ್ದು. ಆದರೆ ಅಲ್ಲಿ ಮೊದಲು ಸಾಯುವುದು ನರ. ನರ ಸತ್ತ ಕೈಗೆ ನೋವು ಗೊತ್ತಾಗುವುದಿಲ್ಲ. ತಾಂಡೂರಿನ ಪರಸಿಕಲ್ಲಿನ ಅಂಚು ಅಂಗೈ ಸೀಳಿದರೂ, ರೊಟ್ಟಿಯ ಹಂಚು ಬೆರಳು ಸುಟ್ಟರೂ ಆ ಕೈ ಹಿಂದೆ ಸರಿಯದು. ಗಾಯ ಕೀವಾಗಿ ಎಲುಬಿಗಿಳಿಯುತ್ತದೆ, ಬೆರಳು ಮೊಟಕಾಗುತ್ತದೆ. ಈ ರೋಗದ ಚರಿತ್ರೆಯನ್ನು ಔಷಧಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ನಾನು ಅದನ್ನು ತಡದ ಚರಿತ್ರೆ ಎಂದು ಓದುತ್ತೇನೆ. ಕೈಗಳನ್ನು ಕೆಡಿಸಿದ್ದರಲ್ಲಿ ರೋಗಾಣುವಿನ ಪಾಲು ಎಷ್ಟೋ, ಸುಮ್ಮನೆ ಕಳೆದುಹೋದ ತಿಂಗಳುಗಳ ಪಾಲೂ ಅಷ್ಟೇ ಇದೆ.

ಕೈಕಾಲಿನ ನರಕ್ಕೆ ಮತ್ತೆ ಚಿಗುರುವ ಶಕ್ತಿ ಉಂಟು, ಆದರೆ ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯ ಒಳಬದಿಯ ಗುಣಿಯಲ್ಲಿ ಅಲ್ನಾರ್ ನರ ಹಾಯುತ್ತದೆ. ಕುಷ್ಠ ತಜ್ಞರು ಮೊದಲು ಬೆರಳಾಡಿಸಿ ನೋಡುವ ಜಾಗಗಳಲ್ಲಿ ಅದೂ ಒಂದು. ರೋಗ ಹೊಕ್ಕಿದ್ದರೆ ನರ ಬಿಗಿದ ಹುರಿಯ ಹಾಗೆ ದಪ್ಪಗೆ ಸಿಗುತ್ತದೆ. ಅಲ್ಲಿಂದ ಕಿರುಬೆರಳಿನ ಸಣ್ಣ ಸ್ನಾಯುಗಳಿಗೆ ಹೆಚ್ಚುಕಡಿಮೆ ಒಂದು ಅಡಿ, ಅಂದರೆ ಚಿಗುರಿದ ತುದಿ ಅಲ್ಲಿಗೆ ಮುಟ್ಟಲು ಹತ್ತು ತಿಂಗಳು ಬೇಕು. ಸ್ನಾಯು ಕೊನೆಯಿಲ್ಲದೆ ಕಾಯುತ್ತಾ ಕೂರುವುದಿಲ್ಲ. ನರದ ಸಂಪರ್ಕ ತಪ್ಪಿ ಒಂದೂವರೆ ವರ್ಷವಾಯಿತೆಂದರೆ ಅದು ಬಹುತೇಕ ಸೊರಗಿ ನಾರಾಗಿರುತ್ತದೆ. ಕುಷ್ಠದಲ್ಲಿ ಕಷ್ಟ ಇನ್ನೂ ಹೆಚ್ಚು, ಯಾಕೆಂದರೆ ಉರಿಯೂತ ನರ ಬೆಳೆಯಬೇಕಾದ ದಾರಿಯನ್ನೇ ಹಾಳುಮಾಡುತ್ತದೆ. ನರ ಸೋತ ಆರು ತಿಂಗಳೊಳಗೆ ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಕೊಟ್ಟರೆ ಕೈ ಚೇತರಿಸಿಕೊಳ್ಳುವ ಆಸೆ ಇದೆ, ಆಮೇಲೆ ಅದು ಬೇಗ ಕುಗ್ಗುತ್ತದೆ.

ಈ ಲೆಕ್ಕ ಇಟ್ಟುಕೊಂಡು ಹಿಂದಕ್ಕೆ ನೋಡಬೇಕು. 1915ರಲ್ಲಿ ನಿಜಾಮಾಬಾದ್ ಹತ್ತಿರದ ಡಿಚ್‌ಪಲ್ಲಿಯಲ್ಲಿ ಮೆಥಡಿಸ್ಟ್ ಮಿಷನ್ನಿನ ವೈದ್ಯೆ ಇಸಬೆಲ್ ಕೆರ್, ರಾಜಾ ನರ್ಸಾಗೌಡರ ದಾನದಿಂದ ಕುಷ್ಠಾಶ್ರಮ ತೆರೆದರು. ಆಗ ನಮ್ಮ ಮೂರೂ ತಾಲ್ಲೂಕುಗಳು ಡಿಚ್‌ಪಲ್ಲಿಯಂತೆಯೇ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿದ್ದವು. ಆಶ್ರಮಕ್ಕೆ ಹೋಗುವುದೆಂದರೆ ಊರು ಬಿಟ್ಟ ಹಾಗೆ. ಬೆನ್ನ ಮೇಲೊಂದು ಮಚ್ಚೆ ಬಿಟ್ಟರೆ ಬೇರೇನೂ ಕಾಣದ ರೈತ ಅಂಗಿ ತೊಟ್ಟು ಸುಮ್ಮನಿರದೆ ಏನು ಮಾಡಿಯಾನು? ಬೆರಳು ಮಡಚಿಕೊಂಡು ಮುಚ್ಚಿಡಲಾಗದಂತಾದ ಮೇಲೆ ಹೊರಡುತ್ತಿದ್ದ. ಕೆರ್ ಅವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. 1920ರ ದಶಕದಲ್ಲಿ ಗರುಡಫಲದ ಎಣ್ಣೆಯ ಚುಚ್ಚುಮದ್ದು ಹಿಡಿದು ಅವರು ಆಶ್ರಮವನ್ನು ಆಸ್ಪತ್ರೆಯಾಗಿಸಲು ದುಡಿದವರು. 1956ರ ನವೆಂಬರ್ 1ರಂದು ಬೀದರಿನ ನಾರಾಯಣಖೇಡ, ಜಹೀರಾಬಾದಿನ ಬಹುಭಾಗ, ಗುಲ್ಬರ್ಗದ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಕನ್ನಡ ಆಡುವ ಮನೆಗಳಿಗೂ ದೊಡ್ಡಾಸ್ಪತ್ರೆಯ ದಾರಿ ಹೈದರಾಬಾದಿನದೇ ಆಯಿತು. ಗಡಿ ಬದಲಾಯಿತೇ ಹೊರತು ಅಂಜಿಕೆ ಬದಲಾಗಲಿಲ್ಲ.

ಕುಷ್ಠದ ಔಷಧ ಡ್ಯಾಪ್ಸೋನ್ ನಮ್ಮ ದೇಶಕ್ಕೆ ಬಂದದ್ದೇ 1940ರ ದಶಕದ ಕೊನೆಗೆ, ಅದಕ್ಕೂ ಮುಂಚೆ ರೋಗಿ ಬೇಗ ಬಂದು ಏನು ಪ್ರಯೋಜನವಿತ್ತು ಎಂದು ಕೇಳಬಹುದು. ಉತ್ತರ ವೆಲ್ಲೂರಿನಲ್ಲಿದೆ. ಅಲ್ಲಿ ರೋಗಿಗಳ ಕೈ ಪರೀಕ್ಷಿಸಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್‌ಗೆ, ಮಾಂಸ ತನ್ನಷ್ಟಕ್ಕೆ ಕೊಳೆಯುವುದಿಲ್ಲ, ನೋವಿಲ್ಲದ ಕೈಯ ಗಾಯಗಳೇ ಬೆರಳು ತಿನ್ನುತ್ತವೆ ಎಂಬುದು ಖಚಿತವಾಯಿತು. ಗಾಯಕ್ಕೆ ವಿಶ್ರಾಂತಿ ಕೊಟ್ಟರೆ ಅದು ಮಾಯುತ್ತಿತ್ತು, ಅದಕ್ಕೆ ಹೊಸ ಔಷಧವೇನೂ ಬೇಕಿರಲಿಲ್ಲ. ಮುಂಗೈಯ ಕೆಲವು ಸ್ನಾಯುಗಳು ಗಟ್ಟಿಯಾಗಿಯೇ ಉಳಿದಿರುತ್ತವೆ ಎಂಬುದನ್ನೂ ಅವರು ಗಮನಿಸಿದರು. 1948ರ ಹೊತ್ತಿಗೆ ಅಂಥ ಸ್ನಾಯುವಿನ ರಜ್ಜುವನ್ನು ಬಿಡಿಸಿ ಮಡಚಿದ ಬೆರಳಿಗೆ ಜೋಡಿಸತೊಡಗಿದರು. ಹೊಸ ನರವಾಗಲಿ ಹೊಸ ಸ್ನಾಯುವಾಗಲಿ ಅಲ್ಲಿ ಹುಟ್ಟಲಿಲ್ಲ. ಇದ್ದದ್ದನ್ನೇ ಸ್ಥಳಾಂತರಿಸಿ, ಹೊಸ ಕೆಲಸವನ್ನು ಮಿದುಳಿಗೆ ಕಲಿಸಿದರು. ಈ ಶಸ್ತ್ರಚಿಕಿತ್ಸೆಯನ್ನು ಗಾಲಿಕುರ್ಚಿಯಲ್ಲಿ ಕುಳಿತು ಮಾಡಿದವರು ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಗಿತ್ತು. ಕೈಯ ನರದಂತೆ ಬೆನ್ನುಹುರಿ ಚಿಗುರುವುದಿಲ್ಲ.

ಹಾಳಾದ ನರವನ್ನು ಮುಂದೊಂದು ದಿನ ಮತ್ತೆ ಬೆಳೆಸಬಹುದೆಂದು ಇನ್ನು ಕೆಲವರ ಭರವಸೆ ಪ್ರಯೋಗಾಲಯದ ಮೇಲೆ. ಅದಕ್ಕೆ ಆಧಾರವಿಲ್ಲದಿಲ್ಲ. ಎಡಿನ್‌ಬರೋದ ವಿಜ್ಞಾನಿ ಅನುರ ರಂಬುಕ್ಕನ ಮತ್ತು ಸಂಗಡಿಗರು 2013ರಲ್ಲಿ ಒಂದು ವಿಚಿತ್ರ ತೋರಿಸಿದರು. ಕುಷ್ಠದ ರೋಗಾಣು ಇಲಿಯ ನರತಂತುವನ್ನು ಸುತ್ತುವ ಶ್ವಾನ್ ಕೋಶಗಳೊಳಗೆ ನೆಲೆಸಿ, ಅವುಗಳ ಗುರುತನ್ನೇ ಅಳಿಸಿ ಆಕರಕೋಶದಂತಾಗಿಸುತ್ತದೆ. ಆ ಕೋಶಗಳು ಸ್ನಾಯುವಿನ ಕೋಶಗಳಾಗಿಯೂ ಮಾರ್ಪಡಬಲ್ಲವು. 2022ರಲ್ಲಿ ಇದೇ ರೋಗಾಣು ಆರ್ಮಡಿಲೊ ಪ್ರಾಣಿಯ ಯಕೃತ್ತನ್ನು ಗಾಯದ ಕಲೆಯಿಲ್ಲದೆ ದೊಡ್ಡದಾಗಿ ಬೆಳೆಸಿದ್ದನ್ನೂ ಅವರು ವರದಿ ಮಾಡಿದರು. ನರ ಕೆಡಿಸುವ ಜೀವಿಗೇ ಅಂಗ ಬೆಳೆಸುವ ಉಪಾಯ ಗೊತ್ತಿರುವುದು ಸೋಜಿಗವೇ ಸರಿ. ಆದರೆ ಇಲಿಯ ಕೋಶದಿಂದ ಕಲ್ಲುಗಣಿಯ ಕೂಲಿಯ ಅಂಗೈವರೆಗೆ ದಾರಿ ಇನ್ನೂ ದೂರ. ರೋಗಾಣು ಆ ಕೋಶಗಳನ್ನು ಬಳಸುವುದು ಮೈಯೆಲ್ಲ ಹಬ್ಬಲಿಕ್ಕೆ, ರಿಪೇರಿಗೆ ಅಲ್ಲ.

ಈ ನಡುವೆ 1982ರಿಂದ ಬಹುಔಷಧ ಚಿಕಿತ್ಸೆ ಬಂತು, ರೋಗಾಣು ಸಾಯತೊಡಗಿತು. 10,000 ಜನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಗುರಿಯನ್ನು 2005ರ ಡಿಸೆಂಬರಿನಲ್ಲಿ ದೇಶ ಮುಟ್ಟಿತು. ಹಾಗಿದ್ದರೆ ತಡದ ಮಾತು ಹಳೆಯದಾಯಿತಲ್ಲ ಎನ್ನುವವರಿಗೆ ಸರ್ಕಾರದ ನಡೆಯೇ ಉತ್ತರ. 2016ರಲ್ಲಿ ಅದು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವ ಅಭಿಯಾನ ಹೂಡಬೇಕಾಯಿತು, ಲೆಕ್ಕಕ್ಕೆ ಸಿಗದಿದ್ದ ಸಾವಿರಾರು ಜನ ಪತ್ತೆಯಾದರು.